ಮಾತ್ರೆಯ ಪಕ್ಕದ ಬಟ್ಟಲು

ತೊಂಗಾ ದ್ವೀಪದೇಶದ ನೆಯಾಫು ಬಂದರಿನ ಮೇಲೆ ಇನ್ನೂ ಬೆಳಕು ಹರಿದಿಲ್ಲ. ಆಸ್ಪತ್ರೆಯ ಅಡುಗೆಮನೆಯಲ್ಲಿ ಲೋಸಲಿನೆ ಕೆಸುವಿನ ಎಲೆಯ ದಂಟು ತೆಗೆಯುತ್ತಾ ಕೂತಿದ್ದಾರೆ. ಒಲೆಯ ಮೇಲೆ ದೀವಿಹಲಸು ಬೇಯುತ್ತಿದೆ. ಮೀನು ತಂದ ದೋಣಿಯವನು ಬಾಗಿಲಲ್ಲೇ ನಿಂತು ಕೆಣಕುತ್ತಾನೆ: "ಏನಕ್ಕಾ, ಡಾಕ್ಟರ ಕೆಲಸಾನೂ ನೀನೇ ಮಾಡ್ತೀಯಂತೆ? ನನ್ನ ಸೊಂಟಕ್ಕೂ ಒಂದು ಸಾರು ಕಾಯಿಸ್ಕೊಡು."

"ನಿನ್ನ ಸೊಂಟಕ್ಕೆ ಸಾರು ಬೇಡ, ಕೆಲಸ ಬೇಕು. ಮೀನಿಟ್ಟು ನಡಿ."

ಊರಲ್ಲಿ ಹಬ್ಬಿರುವ ಈ ಮಾತಿಗೆ ಕಾರಣ ಲೋಸಲಿನೆಯ ತಮ್ಮನ ಮಗಳು, ಒಂಬತ್ತು ವರ್ಷದ ಫಿಪೆ. ಕಳೆದ ವರ್ಷ ಅವಳ ಮೊಣಕಾಲು, ಮಣಿಕಟ್ಟುಗಳು ಬಾತುಕೊಂಡವು. ಬೆಳಗ್ಗೆ ಚಾಪೆ ಬಿಟ್ಟು ಏಳಬೇಕೆಂದರೆ ಅಳು. "ಸಂಧಿವಾತ ಮುದುಕರಿಗಲ್ವಾ ಬರೋದು?" ಎಂದರು ನೆರೆಯವರು. ಮಕ್ಕಳಿಗೂ ಬರುತ್ತದೆ ಎಂದ ಡಾಕ್ಟರು ವಾರಕ್ಕೊಮ್ಮೆ ನುಂಗುವ ಮಾತ್ರೆ ಕೊಟ್ಟರು. ನುಂಗಿದ ದಿನ ಹೊಟ್ಟೆ ತೊಳಸು. ಮರುದಿನ ಊಟ ಕಂಡರಾಗದು. ಪ್ಯಾಕೆಟ್ ನೂಡಲ್ಸ್, ಸಿಹಿ ಬಿಸ್ಕತ್ತು ಬಿಟ್ಟರೆ ಬೇರೇನೂ ಬಾಯಿಗೆ ಸೇರದೆ ಮಗು ಬಡಕಲಾಯಿತು.

ಇಪ್ಪತ್ತು ವರ್ಷದಿಂದ ರೋಗಿಗಳಿಗೆ ಬೇಯಿಸಿ ಹಾಕುತ್ತಿರುವ ಲೋಸಲಿನೆ ನೇರವಾಗಿ ಡಾಕ್ಟರನ್ನೇ ಕೇಳಿದರು. "ಕರುಳಲ್ಲಿ ಒಳ್ಳೆ ಸೂಕ್ಷ್ಮಜೀವಿಗಳು ಇರ್ತಾವಂತೆ. ನಾರಿರೋ ಊಟ ಅವಕ್ಕೆ ಮೇವು. ಅವು ಚೆನ್ನಾಗಿದ್ರೆ ಕೀಲಿನ ಉರಿನೂ ಒಂಚೂರು ತಗ್ಗಬಹುದು ಅಂದ್ರು. 'ಬಹುದು' ಅಂತಲೇ ಅಂದ್ರು, ಖಂಡಿತ ಅನ್ಲಿಲ್ಲ. ಆದ್ರೆ ಮಗು ಹೊಟ್ಟೆ ತುಂಬ ಉಣ್ಬೇಕು, ಅದಂತೂ ಖಂಡಿತ ಅಂದ್ರು," ಎಂದು ನೆನೆಯುತ್ತಾರೆ.

ಅಂದಿನಿಂದ ಕೆಲಸ ಮುಗಿಸಿ ತಮ್ಮನ ಮನೆಗೆ ಹೋಗಿ ಅಲ್ಲೂ ಒಲೆ ಹಚ್ಚತೊಡಗಿದರು. ಮೊದಲು ಒಂದೆರಡು ತುಂಡು ಪಪ್ಪಾಯಿ. ಆಮೇಲೆ ತೆಳು ತೆಂಗಿನ ಹಾಲಲ್ಲಿ ಬೆಂದ ಮೀನು, ಗೆಣಸು, ಕೆಸುವಿನೆಲೆ.

"ಅತ್ತೆ, ಇದು ಹಂದಿ ತಿನ್ನೋ ಸೊಪ್ಪು!"

"ಹಂದಿ ಓಡೋದು ನೋಡಿದೀಯಾ? ತಿನ್ನು."

ಮಗು ಮೈ ತುಂಬಿಕೊಂಡಿತು. ಬಾವೂ ಇಳಿಯಿತು. ಚರ್ಚಿನಲ್ಲಿ ಎಲ್ಲರ ಬಾಯಲ್ಲೂ ಅತ್ತೆಯ ಅಡುಗೆಯದೇ ಹೊಗಳಿಕೆ. ಎಡವಟ್ಟಾದದ್ದೇ ಅಲ್ಲಿ. ತಮ್ಮ ಹೇಮಲೋತೊ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿಬಿಟ್ಟ. ಕೆಲವು ವಾರಗಳಲ್ಲಿ ಮೊಣಕಾಲು ಮತ್ತೆ ಊದಿಕೊಂಡಿತು. ಫಿಪೆಯನ್ನು ಎತ್ತಿಕೊಂಡೇ ಆಸ್ಪತ್ರೆಗೆ ತರಬೇಕಾಯಿತು.

"ಅಕ್ಕಾ, ನಿಮ್ಮ ಊಟವೇ ಸಾಕು ಅಂದ್ಕೊಂಡೆ," ಎಂದ ತಮ್ಮ, ನೆಲ ನೋಡುತ್ತಾ. ಅಕ್ಕನೆದುರು ತಮ್ಮ ತಲೆಯೆತ್ತಿ ಮಾತಾಡುವ ರೂಢಿ ತೊಂಗಾದಲ್ಲಿಲ್ಲ. ಆ ಹಿರಿತನವನ್ನು ಲೋಸಲಿನೆ ಅಂದು ಪೂರ್ತಿ ಬಳಸಿದರು.

"ನನ್ನ ಸಾರು ಬರೀ ಸಾರು ಕಣೋ. ಮಾತ್ರೆ ಕೆಲಸ ಮಾತ್ರೆನೇ ಮಾಡ್ಬೇಕು. ಅದನ್ನ ತಡ್ಕೊಳ್ಳೋ ಶಕ್ತಿ ಮೈಗೆ ತುಂಬೋದು ನನ್ನ ಕೆಲಸ. ನನ್ನ ಹೆಸರು ಹೇಳ್ಕೊಂಡು ಮಗೂನ ಕುಂಟಿ ಮಾಡ್ಬೇಡ!"

ಅದನ್ನು ಹೇಳುವಾಗ ಈಗಲೂ ಅವರು ಎಲೆಯ ದಂಟನ್ನು ಜೋರಾಗಿ ಮುರಿಯುತ್ತಾರೆ. "ಅಲ್ಲೀವರೆಗೆ ಜನ ಹೊಗಳ್ತಿದ್ರೆ ಖುಷಿ ಆಗ್ತಿತ್ತು. ಅವತ್ತು ಅದೇ ಹೊಗಳಿಕೆ ಗಂಟಲಲ್ಲಿ ಮುಳ್ಳಾಯ್ತು."

ಫಿಪೆ ಬಹಳ ದಿನ ವಾರ್ಡಿನಲ್ಲೇ ಉಳಿದಳು. ಮಾತ್ರೆ ಮತ್ತೆ ಶುರುವಾಯಿತು, ಅದರ ಪಕ್ಕದಲ್ಲಿ ಅತ್ತೆಯ ಬಟ್ಟಲೂ ಬಂದು ಕೂತಿತು. ಹೋದ ತಿಂಗಳು ಡಾಕ್ಟರು ಮೊಣಕಾಲು ಒತ್ತಿ, ಮಡಚಿ, ಬಿಡಿಸಿ ನೋಡಿ, ಬಾವು ಪೂರ್ತಿ ಇಳಿದಿದೆ ಎಂದು ನಕ್ಕರು. ಹೇಮಲೋತೊ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತುಬಿಟ್ಟ. ಈಗ ಹುಡುಗಿ ಓಣಿಯಲ್ಲಿ ಹಗ್ಗದಾಟ ಆಡುತ್ತಾಳೆ. ಸೋತರೆ ಜಗಳವನ್ನೂ ಆಡುತ್ತಾಳೆ.

ಇನ್ನೇನು ಆಸೆ ಉಳಿದಿದೆ ಎಂದು ಕೇಳಿದರೆ ಲೋಸಲಿನೆ ಸೌಟು ಬದಿಗಿಟ್ಟು ಹೇಳುತ್ತಾರೆ: "ಮತ್ತೆ ಈ ವಾರ್ಡಿಗೆ ಬರದೇ ಅವಳು ದೊಡ್ಡವಳಾಗ್ಬೇಕು. ಆಮೇಲೆ ಯಾರಾದ್ರೂ 'ಆಸ್ಪತ್ರೆ ಊಟ ಹೆಂಗಿತ್ತೇ?' ಅಂತ ಕೇಳಿದ್ರೆ, 'ನೆನಪಿಲ್ಲ' ಅನ್ಬೇಕು ನಮ್ಮ ಫಿಪೆ."