‘ತೆಗೆಯಿರಿ’ ಎನ್ನದ ಗಂಗರತ್ನಮ್ಮ

ಹೊಳವನಹಳ್ಳಿಯ ಬಸ್ ನಿಲ್ದಾಣಕ್ಕೆ ಕೊರಟಗೆರೆ ಕಡೆಯ ಮೊದಲ ಬಸ್ಸು ಇನ್ನೂ ಬಂದಿಲ್ಲ. ಎದುರಿನ ಜೆರಾಕ್ಸ್ ಅಂಗಡಿಯ ಶಟರ್ ಮಾತ್ರ ಅರ್ಧ ಎತ್ತಿದೆ. ಒಳಗೆ ಕಂಪ್ಯೂಟರಿನ ಮುಂದೆ ಕೂತಿರುವವರು ಅಂಗಡಿಯ ಒಡತಿ ಗಂಗರತ್ನಮ್ಮ ಅಲ್ಲ, ಪಕ್ಕದಲ್ಲಿ ಹೂ ಮಾರುವ ನರಸಮ್ಮ. ಕನಕಾಂಬರ ಕಟ್ಟುತ್ತಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು ಮೌಸ್ ಹಿಡಿದಿದ್ದಾರೆ. ಗಂಗರತ್ನಮ್ಮ ಬಗಲಲ್ಲಿ ನಿಂತು ಒಂದೊಂದೇ ಸಾಲು ಓದುತ್ತಾರೆ. ಬೆರಳು ಮಾಡಿ ಏನನ್ನೂ ತೋರಿಸುವುದಿಲ್ಲ.

“ಮುಂದುವರಿಯಿರಿ ಅಂತ ಇರೋದನ್ನ ಒತ್ತಿ.”

“ಅಂಗಂತ ಇಲ್ಲೇನೂ ಕಾಣ್ತಿಲ್ವಲ್ಲೇ ಗಂಗರತ್ನ.”

“ಕೆಳಗೆ ನೋಡಿ ನರಸಕ್ಕ, ಬಲಗಡೆ ಮೂಲೇಲಿ.”

“ಮೂಲೇಲಿ ಅಂತ ಬರ್ದಿದ್ದೀಯಾ?”

ಬರೆದಿಲ್ಲ. ಗಂಗರತ್ನಮ್ಮ ಸೋತ ನಗೆ ನಕ್ಕು ‘ಪರದೆಯ ಕೆಳಗೆ, ಬಲಮೂಲೆಯಲ್ಲಿ’ ಎಂದು ಸೇರಿಸುತ್ತಾರೆ. ಕಂಪ್ಯೂಟರಿನ ಗಂಧಗಾಳಿ ಇಲ್ಲದಿರುವುದೇ ನರಸಮ್ಮನ ಅರ್ಹತೆ. ಅವರು ತಡವರಿಸಿದ ಸಾಲು ತಿದ್ದದೆ ಹೊರಗೆ ಹೋಗುವ ಹಾಗಿಲ್ಲ.

ಗಂಗರತ್ನಮ್ಮ ಬರೆಯುತ್ತಿರುವುದು ಲಿನಕ್ಸ್ ಬಗೆಯ ಒಂದು ಮುಕ್ತ ತಂತ್ರಾಂಶದ ಕೈಪಿಡಿ. ಕಂಪ್ಯೂಟರನ್ನು ನಡೆಸುವ ಈ ಮೂಲ ತಂತ್ರಾಂಶವನ್ನು ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದು. ಆಗಾಗ ಅದರ ಹೊಸ ಆವೃತ್ತಿ ಬರುತ್ತದೆ. ಹಳೆಯದರ ಜಾಗಕ್ಕೆ ಹೊಸದನ್ನು ಕೂರಿಸುವುದೇ ಅಪ್‌ಗ್ರೇಡ್. ಅಲ್ಲಿ ಎಡವಟ್ಟಾದರೆ ಕೂಡಿಟ್ಟದ್ದೆಲ್ಲ ನೀರುಪಾಲು. ಅದನ್ನು ಮಾಡುವ ಕ್ರಮವನ್ನು ಬಲ್ಲವರು ಬಲ್ಲವರಿಗಾಗಿ ಇಂಗ್ಲಿಷಿನಲ್ಲಿ ಬರೆದಿಟ್ಟಿರುತ್ತಾರೆ. ಏನೂ ಬಾರದ ಹೊಸಬರಿಗಾಗಿ ಕನ್ನಡದಲ್ಲಿ ಬರೆಯುವವರು ಇವರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಎಷ್ಟೋ ಶಾಲೆ, ಗ್ರಂಥಾಲಯ, ಡಿಟಿಪಿ ಅಂಗಡಿಗಳ ಹಳೇ ಕಂಪ್ಯೂಟರುಗಳು ಈ ಪುಟಗಳನ್ನು ನಂಬಿಕೊಂಡಿವೆ. ಬರೆದವರ ಹೆಸರಿರಬೇಕಾದ ಜಾಗದಲ್ಲಿ ‘ಕನ್ನಡ ಬಳಗ’ ಎಂದಷ್ಟೇ ಇದೆ.

ಅವರು ಓದಿದ್ದು ಪಿಯುಸಿ, ಕಲಿತದ್ದು ಮಧುಗಿರಿಯಲ್ಲಿ ಟೈಪಿಂಗ್. ಅಂಗಡಿಗೆ ಕೊಂಡ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರಿನಲ್ಲಿ ಈ ತಂತ್ರಾಂಶ ಮೊದಲೇ ಇತ್ತು. ಒಂದು ದಿನ ‘ಹೊಸದು ಬಂದಿದೆ, ಹಾಕಲೇ?’ ಎಂದು ಅದು ಇಂಗ್ಲಿಷಿನಲ್ಲಿ ಕೇಳಿತು. ಇವರು ಓದದೆಯೇ ಹೂಂ ಅಂದುಬಿಟ್ಟರು.

“ಕನ್ನಡ ಅಕ್ಷರ ಎಲ್ಲಾ ಡಬ್ಬಿ ಡಬ್ಬಿ ಆಗೋದ್ವು ಕಣಮ್ಮ. ಶಿರಾದವ್ರ ಲಗ್ನಪತ್ರಿಕೆ ಅವತ್ತೇ ಕೊಡ್ಬೇಕಿತ್ತು. ಗಂಡಿನ ಹೆಸ್ರೂ ಡಬ್ಬಿ, ಹೆಣ್ಣಿನ ಹೆಸ್ರೂ ಡಬ್ಬಿ,” ಎಂದು ಈಗ ನನಗೆ ಹೇಳಿ ನಗುತ್ತಾರೆ. ಅಂದು ಅತ್ತಿದ್ದರು. ಈ ತಂತ್ರಾಂಶ ಬಳಸುವವರ ಅಂತರಜಾಲದ ಬಳಗದಲ್ಲಿ ಕೇಳಿದರೆ ‘ಕೈಪಿಡಿ ಓದಿ’ ಎಂಬ ಉತ್ತರ ಬಂತು. ನಿಘಂಟು ಇಟ್ಟುಕೊಂಡು ಓದಿದರು. ಅರ್ಥವಾದಷ್ಟನ್ನು ಕನ್ನಡದಲ್ಲಿ ಬರೆದು ಅದೇ ಬಳಗಕ್ಕೆ ಕಳಿಸಿದರು. ಸಂಬಳವಿಲ್ಲದ ಈ ಕೆಲಸ ಅಲ್ಲಿಂದ ಅಂಟಿಕೊಂಡಿತು.

ಪಾವಗಡದಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ಓಬಳರಾಜು ಹಿಂದೊಮ್ಮೆ ಇವರ ಪುಟ ನೋಡಿಕೊಂಡು ಅಪ್‌ಗ್ರೇಡಿಗೆ ಕೂತರು. ‘ಮೊದಲು ಫೋಟೋಗಳ ಫೋಲ್ಡರ್ ತೆಗೆಯಿರಿ’ ಎಂದಿತ್ತು. ಪೆನ್‌ಡ್ರೈವಿಗೆ ನಕಲು ಮಾಡಿ ಎಂಬುದು ಅದರ ಕೆಳಗಿನ ಸಾಲು. ನಾವು ಬಾಗಿಲನ್ನೂ ತೆಗೆಯುತ್ತೇವೆ, ಕಸವನ್ನೂ ತೆಗೆಯುತ್ತೇವೆ. ಗಂಗರತ್ನಮ್ಮ ಬರೆದದ್ದು ಬಾಗಿಲಿನ ಅರ್ಥದಲ್ಲಿ, ಓಬಳರಾಜು ಓದಿಕೊಂಡದ್ದು ಕಸದ ಅರ್ಥದಲ್ಲಿ. ಅಚ್ಚುಕಟ್ಟಿನ ಮನುಷ್ಯ ಬೇರೆ. ಫೋಲ್ಡರನ್ನು ಅಳಿಸಿ, ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿ, ಆಮೇಲೆ ನಕಲು ಮಾಡುವುದು ಏನನ್ನು ಎಂದು ಹುಡುಕತೊಡಗಿದರು.

ಸುದ್ದಿ ತಿಳಿದು ಗಂಗರತ್ನಮ್ಮ ಪಾವಗಡದ ಬಸ್ಸು ಹತ್ತಿದರು. “ನೀವೇ ಕದಮ್ಮಾ ತೀಯಿ ಅಂದಿದ್ದು? ತೀಸೇಸ್ದೆ,” ಅಂದರು ಓಬಳರಾಜು, ತೆಲುಗು ಬೆರೆಸಿ. ತೆಗೆ ಅಂದಿರಿ, ತೆಗೆದುಬಿಟ್ಟೆ ಎಂದು ಅದರ ಅರ್ಥ. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಅಳಿಸಿಹೋದದ್ದನ್ನು ಹುಡುಕಿ ತರುವ ತಂತ್ರಾಂಶ ಹಾಕಿದಾಗ ಬಹಳಷ್ಟು ಫೋಟೋ ಮರಳಿ ಸಿಕ್ಕವು. ತೀರಿಕೊಂಡಿದ್ದ ಅಜ್ಜಿಯೊಬ್ಬರದು ಮಾತ್ರ ಸಿಗಲಿಲ್ಲ. ಮನೆಯವರ ಹತ್ತಿರ ಅವರ ಬೇರೆ ಫೋಟೋ ಇರಲಿಲ್ಲ.

“ಆ ಮನೆ ಗ್ವಾಡೇಲಿ ಬರೀ ಮೊಳೆ ಐತಂತೆ ಕಣಮ್ಮ. ನಾನು ಬರ್ದ ಒಂದು ಮಾತಿಂದ ಅಂಗಾಯ್ತು.”

ನರಸಮ್ಮನ ಪರೀಕ್ಷೆ ಶುರುವಾದದ್ದು ಆಮೇಲೆ. ‘ತೆರೆಯಿರಿ’ ಎಂದು ಬರೆದರೆ ಮುಗಿಯಿತಲ್ಲ ಎಂದರು ಬಳಗದಲ್ಲಿ ಕರಡು ತಿದ್ದುವ ಚಿರಂಜೀವಿ. ಹಾಗೆಯೇ ಓದಿ ಹೇಳಿದಾಗ ನರಸಮ್ಮ ಪರದೆಯೆಲ್ಲ ಹುಡುಕಿ, “ತೆರೆ ಎಲ್ಲೈತೆ? ನಾಟಕದ್ದಾ?” ಅಂದರು. ಈಗ ಆ ಜಾಗದಲ್ಲಿ, ‘ಫೋಲ್ಡರ್ ಮೇಲೆ ಎರಡು ಸಲ ಒತ್ತಿ. ಒಳಗಿರುವುದೆಲ್ಲ ಕಾಣಿಸುತ್ತದೆ. ಯಾವುದನ್ನೂ ಅಳಿಸಬೇಡಿ’ ಎಂದಿದೆ. ಉದ್ದವಾಯಿತು ಮೇಡಂ ಎಂದ ಚಿರಂಜೀವಿಗೆ, “ಆಗ್ಲಿ ಬುಡಪ್ಪ, ಕಾಗದ ಏನು ಖರ್ಚಾಗಾಕಿಲ್ವಲ್ಲ,” ಎಂಬ ಉತ್ತರ ಸಿಕ್ಕಿದೆ.

ಆದರೆ ಓಬಳರಾಜು ಅಪ್‌ಗ್ರೇಡ್ ಎಂದರೆ ಕೈಮುಗಿಯುತ್ತಾರೆ. ಅವರಲ್ಲಿರುವ ಹಳೆಯ ಆವೃತ್ತಿಗೆ ಭದ್ರತೆಯ ತಿದ್ದುಪಡಿಗಳು ಬರುವುದು ಇಷ್ಟರಲ್ಲೇ ನಿಲ್ಲಲಿದೆ. ಗಂಗರತ್ನಮ್ಮ ಖುದ್ದಾಗಿ ಹೋಗಿ ಮಾಡಿಕೊಡಬಹುದು, ಅದಕ್ಕೆ ಅವರ ಮನಸ್ಸು ಒಪ್ಪುವುದಿಲ್ಲ. “ನಾನೋಗಿ ಮಾಡ್ಕೊಟ್ರೆ ಅವ್ರು ನನ್ನ ನಂಬಿದಂಗಾಯ್ತು ಅಷ್ಟೇ. ನಂಬ್ಕೆ ಓಗಿರಾದು ನನ್ನ ಬರವಣಿಗೆ ಮ್ಯಾಲೆ.”

ನರಸಮ್ಮ ಕೊನೆಯ ಸಾಲಿನವರೆಗೂ ಎಲ್ಲೂ ನಿಲ್ಲದೆ ಮುಗಿಸಿದ ದಿನ ಪುಟ ಬಳಗದ ಜಾಲತಾಣ ಸೇರುತ್ತದೆ. ಅದರ ಕೊಂಡಿಯನ್ನು ಗಂಗರತ್ನಮ್ಮ ಓಬಳರಾಜು ಅವರ ಮೊಬೈಲಿಗೆ ಕಳಿಸುತ್ತಾರೆ. ಜೊತೆಗೆ ಒಂದು ಮಾತೂ ಬರೆಯುವುದಿಲ್ಲ. ಆಮೇಲೆ ಫೋನ್ ಸದ್ದಾದಾಗಲೆಲ್ಲ ಜೆರಾಕ್ಸ್ ಬಿಟ್ಟು ಓಡುತ್ತಾರೆ. ಅಂಗಡಿ ತುಂಬ ಗಿರಾಕಿಗಳಿರುವ ಹೊತ್ತಿನಲ್ಲಿ ಕೊನೆಗೂ ಓಬಳರಾಜು ಅವರ ಕರೆ ಬರುತ್ತದೆ. ಫೋನ್ ಎತ್ತಿ ಇವರೇ ಮೊದಲು ಕೇಳುತ್ತಾರೆ.

“ಎಲ್ಲಿ ನಿಂತೋಯ್ತು ಅಣ್ಣ?”

“ಎಲ್ಲೂ ನಿಲ್ಲಿಲ್ಲಮ್ಮಾ. ನಿನ್ನೇನೇ ಐಪೋಯಿಂದಿ, ಎಲ್ಲಾ ಮುಗೀತು. ಫೋಟೋಗಳೆಲ್ಲಾ ಭದ್ರ. ನಮ್ಮ ಷಡ್ಡಕನ ಅಂಗಡೀಗೂ ನಾನೇ ಓದ್ಕೊಂಡು ಹಾಕಿಕೊಟ್ಟು ಬಂದೆ.”

ಗಂಗರತ್ನಮ್ಮ ಗಿರಾಕಿಗಳಿಗೆ ಬೆನ್ನು ತಿರುಗಿಸಿ ಕಣ್ಣೊರೆಸಿಕೊಳ್ಳುತ್ತಾರೆ. ಇನ್ನಾದರೂ ಪುಟದ ಕೆಳಗೆ ನಿಮ್ಮ ಹೆಸರು ಹಾಕಬಾರದೇ ಎಂದು ನಾನು ಕೇಳಿದರೆ ತಲೆಯಾಡಿಸುತ್ತಾರೆ.

“ಹೆಸ್ರು ಯಾತಕ್ಕಮ್ಮ? ಇದೆಂಗೆ ಅಂತ ಕೇಳಾಕೆ ಯಾರೂ ನಂಗೆ ಫೋನ್ ಮಾಡ್ದೇ ಇರಂಗೆ ಬರೀಬೇಕು, ಅಷ್ಟೇ ಆಸೆ. ಓಬಳರಾಜಣ್ಣ ಕೇಳಾಕೆ ಮಾಡ್ಲಿಲ್ಲ. ಹೇಳಾಕೆ ಮಾಡುದ್ರು.”