ನಾನು ಹಾಕಿದ ಕೊಂಡಿ

ಕುಣಿಮಗ್ಗದಿಂದ ಎದ್ದು ನಿಲ್ಲುವಾಗ ನಮ್ಮ ಮನೆಯವರು ತೊಡೆಸಂದಿಯನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡರು. ಅಲ್ಲೊಂದು ಗಂಟು ಎದ್ದಿತ್ತು. ಮಲಗಿದರೆ ಒಳಗೆ ಹೋಗುತ್ತಿತ್ತು, ಕೆಮ್ಮಿದರೆ ಹೊರಗೆ. ಗ್ಯಾಸ್ ಇರಬೇಕು ಅಂದರು. ಹೇಳಿದ್ದು ಕೇಳುವ ಗಂಡಸಲ್ಲ. ಹನುಮಸಾಗರದಿಂದ ಕುಷ್ಟಗಿಯ ಆಸ್ಪತ್ರೆಗೆ ಬಸ್ಸು ಹತ್ತಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಹರ್ನಿಯಾ.

ಹೊಟ್ಟೆಯ ಗೋಡೆ ಸೋತಿದೆ, ಆಪರೇಷನ್ ಮಾಡಿ ಮೆಶ್ ಎಂಬ ಬಲೆ ಕೂರಿಸಬೇಕು, ತಡಮಾಡಿದರೆ ಕರುಳು ಸಿಕ್ಕಿಕೊಂಡು ಜೀವಕ್ಕೆ ಕುತ್ತು ಬರಬಹುದು ಎಂದರು ಡಾಕ್ಟರಮ್ಮ. ಮೆಶ್ಶಿನ ತುಂಡೊಂದನ್ನು ತೋರಿಸಿದರು. ನಮ್ಮವರು ಬೆಳಕಿಗೆ ಹಿಡಿದು ನೋಡಿದರು. ಇಳಕಲ್ ಸೀರೆಯನ್ನು ನೀರು ನಿಲ್ಲುವಷ್ಟು ಒತ್ತಾಗಿ ನೇಯುವವರು ಅವರು.

“ಇದು ಸೊಳ್ಳಿಪರದಿ ಐತ್ರಿ. ನನಗ ಬ್ಯಾಡ,” ಎಂದು ಎದ್ದೇಬಿಟ್ಟರು.

ತೂತಿದ್ದರೇ ಒಳ್ಳೆಯದು, ಮಾಂಸ ಅವುಗಳೊಳಗೆ ಬೆಳೆದು ಮೆಶ್ಶನ್ನು ಹಿಡಿದುಕೊಳ್ಳುತ್ತದೆ, ಒತ್ತಾಗಿ ನೇಯ್ದ ಬಟ್ಟೆಯಾದರೆ ಗಡುಸಾಗಿ ಹೊಟ್ಟೆಯ ಜೊತೆ ಬಾಗುವುದಿಲ್ಲ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಇವರು ಬಾಗಿಲ ಕಡೆ ನೋಡುತ್ತಿದ್ದರು.

ನನಗೆ ಸಿಟ್ಟು ನೆತ್ತಿಗೇರಿತು. ತುಂಡನ್ನು ತೆಗೆದುಕೊಂಡು ಕತ್ತರಿಸಿದ ಅಂಚನ್ನು ಉಗುರಿನಿಂದ ಎಳೆದೆ. ನೇಯ್ದ ಬಟ್ಟೆಯಾಗಿದ್ದರೆ ಎಳೆ ಕಳಚಿ ಬರುತ್ತಿತ್ತು. ಇದು ಬರಲಿಲ್ಲ. ಕುಣಿಕೆಯೊಳಗೆ ಕುಣಿಕೆ. ಅರೆ, ಇದು ನನ್ನ ಕೆಲಸದಂಥದ್ದೇ! ಸೀರೆಯ ಮೈಯ ಎಳೆಗೂ ಸೆರಗಿನ ಎಳೆಗೂ ಒಂದೊಂದೇ ಕುಣಿಕೆ ಸಿಕ್ಕಿಸಿ ಜೋಡಿಸುವವಳು ನಾನು. ಅದಕ್ಕೆ ಕೊಂಡಿ ಹಾಕುವುದು ಎನ್ನುತ್ತೇವೆ. ಸೀರೆ ನೇಯ್ದವರ ಹೆಸರಿನಲ್ಲಿ ಹೋಗುತ್ತದೆ, ಕೊಂಡಿ ಯಾರದೆಂದು ಯಾರೂ ಕೇಳುವುದಿಲ್ಲ.

“ಇದು ನೇಯ್ದದ್ದಲ್ರಿ, ಕೊಂಡಿಗೆ ಕೊಂಡಿ ಹಾಕಿದ್ದು. ಇಷ್ಟು ವರ್ಷದಾಗ ನಾ ಹಾಕಿದ್ದು ಒಂದರ ಬಿಚ್ಚೈತೇನ್ರಿ?”

ತಾವೂ ಅಂಚನ್ನು ಎಳೆದು ನೋಡಿದರು. ಇಲ್ಲ ಎಂದರು. ಹಾಕಿಬಿಡಲಿ ಎಂದರು.

ಆಪರೇಷನ್ ಥಿಯೇಟರಿನ ಹೊರಗೆ ಕೂತಾಗಲೇ ನನಗೆ ದಿಗಿಲು ಹತ್ತಿದ್ದು. ಡಾಕ್ಟರ ಮಾತಿಗಲ್ಲ, ನನ್ನ ಮಾತಿಗೆ ಒಪ್ಪಿ ಒಳಗೆ ಹೋಗಿದ್ದರು. ಏನಾದರೂ ಆದರೆ ಯಾರಿಗೆ ಮುಖ ತೋರಿಸಲಿ?

ಏನೂ ಆಗಲಿಲ್ಲ. ಗಾಯ ಮಾಯಿತು. ಡಾಕ್ಟರಮ್ಮ ಹೂಂ ಎಂದ ಮೇಲೆ ಇವರು ಮತ್ತೆ ಮಗ್ಗಕ್ಕೆ ಇಳಿದಿದ್ದಾರೆ. ಭಾರ ಎತ್ತಲು ಇನ್ನೂ ಬಿಡುವುದಿಲ್ಲ ನಾನು. ಕೆಮ್ಮು ಬಂದರೆ ಅವರ ಅಂಗೈ ಈಗಲೂ ತೊಡೆಸಂದಿಗೆ ಹೋಗುತ್ತದೆ.

ಮೊನ್ನೆ ಸೀರೆ ಒಯ್ಯಲು ಸಾವ್ಕಾರರು ಬಂದಿದ್ದರು. ಯಾವಾಗಲೂ ದಡಿ ಹೊರಳಿಸಿ ತಮ್ಮ ನೇಯ್ಗೆಯನ್ನೇ ತೋರಿಸುತ್ತಿದ್ದ ನಮ್ಮವರು ಅಂದು ಮೈಗೆ ಸೆರಗು ಕೂಡುವ ಜಾಗವನ್ನು ಬಿಡಿಸಿ ಹಿಡಿದರು.

“ಮೊದಲ ಇದನ್ನ ನೋಡ್ರಿ. ನಮ್ಮಾಕಿ ಹಾಕಿದ ಕೊಂಡಿ.”