ಕೊಟ್ಟಿಗೆಗೆ ಸಿಗದ ನೋಂದಣಿ

ಜಿಗಣಿಯ ಕೈಗಾರಿಕಾ ಪ್ರದೇಶಕ್ಕೆ ಅಂಟಿಕೊಂಡಿರುವ ನಮ್ಮ ಊರಿನಲ್ಲಿ ಶ್ಯಾಮಲಾ ಅವರ ಕೊಟ್ಟಿಗೆಯನ್ನು ಎಲ್ಲರೂ ಕಂಪ್ಯೂಟರ್ ಶೆಡ್ಡು ಎಂದೇ ಕರೆಯುತ್ತಿದ್ದರು. ದನಗಳು ಹೋಗಿ ಬಹಳ ಕಾಲವಾಗಿತ್ತು. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಾರ್ಖಾನೆಯಲ್ಲಿ ಸರ್ಕ್ಯೂಟ್ ಬೋರ್ಡುಗಳಿಗೆ ಬೆಸುಗೆ ಹಾಕುತ್ತಿದ್ದ ಶ್ಯಾಮಲಾ, ಅದು ಮುಚ್ಚಿದ ಮೇಲೆ, ಮಾವ ಚಿಕ್ಕಬೈರಪ್ಪನವರನ್ನು ಕೇಳಿ ಅಲ್ಲಿ ಮೇಜು ಹಾಕಿಕೊಂಡರು. ಸಾಫ್ಟ್‌ವೇರ್ ಕಂಪನಿಯೊಂದು ಬೇಡವೆಂದು ತೆಗೆದ ಲ್ಯಾಪ್‌ಟಾಪ್‌ಗಳು ಅಲ್ಲಿಗೆ ಬರುತ್ತಿದ್ದವು. ಒಂದರ ಪರದೆ, ಇನ್ನೊಂದರ ಕೀಬೋರ್ಡು, ಮತ್ತೊಂದರ ಬೋರ್ಡು ಸೇರಿಸಿ ಅವರು ಒಂದು ಯಂತ್ರವನ್ನು ಎಬ್ಬಿಸುತ್ತಿದ್ದರು. ಎದ್ದ ಯಂತ್ರವನ್ನು ಇಡೀ ದಿನ ಚಾಲೂ ಇಟ್ಟು, ಆಗಾಗ ಅಂಗೈ ಊರಿ ಕಾವು ನೋಡಿ, ಆಮೇಲೆಯೇ ಕೊಡುವುದು. ಚಂದಾಪುರದ ಬಾಡಿಗೆ ಕೋಣೆಗಳಲ್ಲಿರುವ ಗಾರ್ಮೆಂಟ್ಸ್ ಹೆಂಗಸರ ಮಕ್ಕಳು ಆ ಯಂತ್ರಗಳಲ್ಲಿ ಓದಿ ಡಿಪ್ಲೊಮಾ ಮುಗಿಸಿದ್ದಾರೆ. ಯಾವುದಕ್ಕೂ ಬಾರದ ಬೋರ್ಡುಗಳನ್ನು ಅವರು ನೋಂದಾಯಿತ ಮರುಬಳಕೆ ಕಾರ್ಖಾನೆಗೆ ಕಳುಹಿಸುತ್ತಿದ್ದರು, ಗುಜರಿಗೆ ಹಾಕಿದವರಲ್ಲ.

ಎರಡು ಸಾವಿರದ ಇಪ್ಪತ್ತಮೂರರ ಏಪ್ರಿಲ್‌ನಲ್ಲಿ ಇ-ತ್ಯಾಜ್ಯದ ಹೊಸ ನಿಯಮಗಳು ಜಾರಿಗೆ ಬಂದವು. ದೊಡ್ಡ ಕಂಪನಿಗಳು ತಮ್ಮ ಹಳೆಯ ಯಂತ್ರಗಳನ್ನು ನೋಂದಣಿ ಆದವರಿಗೆ ಮಾತ್ರ ಒಪ್ಪಿಸಬೇಕು. ದುರಸ್ತಿ ಮಾಡಿ ಮರಳಿ ಬಳಕೆಗೆ ಕೊಡುವವರಿಗೂ ಆ ನಿಯಮಗಳಲ್ಲಿ ಸ್ಥಾನವಿದೆ. ಕಂಪನಿಯವರು ನೋಂದಣಿ ಸಂಖ್ಯೆ ಕೇಳಿದರು. ಶ್ಯಾಮಲಾ ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ ಹಾಕಿದರು. ಕೊಟ್ಟಿಗೆಯಲ್ಲಿದ್ದ ಯಂತ್ರಗಳನ್ನೆಲ್ಲ ಅದರಲ್ಲಿ ಬರೆದರು. ನೋಂದಣಿ ಸಿಗದಿದ್ದರೆ ಕೆಲಸವೇ ಇಲ್ಲ ಎಂಬುದು ಅವರಿಗೆ ತಿಳಿದಿತ್ತು.

ಊರಿನಲ್ಲೇ ಗುಜರಿ ವ್ಯಾಪಾರ ಮಾಡುವ, ಕೇಬಲ್ ಸುಟ್ಟು ತಾಮ್ರ ತೆಗೆಯುವ ಅಮರೇಶ್ ಆಗಲೇ ಎಚ್ಚರಿಸಿದ್ದ.

"ಯಾಕಕ್ಕ, ಮಲಗಿರೋರ್ನ ಎಬ್ಬಿಸ್ತಿದೀರ?"

"ನನ್ನ ಕೆಲಸದಲ್ಲಿ ಮುಚ್ಚಿಡೋದು ಏನಿದೆ ಅಮರೇಶ?"

"ಅದೇ ಅಕ್ಕ ನಿಮ್ ಪ್ರಾಬ್ಲಮ್ಮು."

ಮಂಡಳಿಯಿಂದ ಪರಿಶೀಲನೆಗೆ ಬಂದ ಅಧಿಕಾರಿ ದಾನೇಶ್ವರಿ ಮೃದುಮಾತಿನ ಯುವತಿ. ಬ್ಯಾಟರಿಗಳನ್ನು ಪ್ರತ್ಯೇಕವಾಗಿಟ್ಟ ಮರಳಿನ ತೊಟ್ಟಿ, ಬೆಂಕಿ ಆರಿಸುವ ಸಿಲಿಂಡರು, ಎಲ್ಲವನ್ನೂ ನೋಡಿದರು. "ನೀಟಾಗಿ ಇಟ್ಕೊಂಡಿದ್ದೀರ ಮೇಡಂ," ಎಂದರು. ಆಮೇಲೆ ಕೇಳಿದರು, "ಜಾಗ ಬಾಡಿಗೇದಾ?"

ಕೈಗಾರಿಕಾ ಪ್ರದೇಶದ ಅಂಚಿನಲ್ಲಿ ಉಳಿದ ಹಳೆಯ ಕುಟುಂಬಗಳಿಗೆ ಈ ಪ್ರಶ್ನೆ ಒಂದು ಹುಣ್ಣು. ಅಳತೆಗೆ ಬಂದವರೆಲ್ಲ ಒತ್ತುವರಿಯ ಅನುಮಾನದಿಂದಲೇ ಮಾತು ಆರಂಭಿಸುವುದು. ಬಾಗಿಲಲ್ಲಿ ಕುಳಿತಿದ್ದ ಚಿಕ್ಕಬೈರಪ್ಪನವರು ಎದ್ದು ನಿಂತರು.

"ಬಾಡ್ಗೆ ಯಾಕವ್ವ? ನಮ್ ಗ್ರಾಮಠಾಣ ಇದು. ತಾತನ ಕಾಲದಿಂದ ಮನೆ ಜಾಗ. ಇಲ್ಲಿ ದನ ಕಟ್ತಿದ್ವಿ."

"ಮನೆ ಜಾಗನಾ ಯಜಮಾನ್ರೇ?"

ಶ್ಯಾಮಲಾ ಕಣ್ಣಿನಲ್ಲೇ ಬೇಡವೆಂದರು. ಮಾವ ಅದನ್ನು ಬೇರೆ ಬಗೆಯಾಗಿ ತಿಳಿದರು.

"ಇವ್ಳು ಯೋಳಕ್ಕೆ ನಾಚ್ಕೋತಾಳೆ. ಅಪ್ಪಟ ಮನೆ ಜಾಗ ಕಣವ್ವ. ಒಂದು ಗೇಣು ಒತ್ತುವರಿ ಇಲ್ಲ. ಬರ್ಕೋ."

ದಾನೇಶ್ವರಿ ಬರೆದುಕೊಂಡರು. ಪೆನ್ನು ಮುಚ್ಚಿ, ಶ್ಯಾಮಲಾ ಕಡೆ ತಿರುಗಿ ಹೇಳಿದರು: "ಮನೆ ಜಾಗದಲ್ಲಿ ಇದಕ್ಕೆ ಒಪ್ಪಿಗೆ ಸಿಗಲ್ಲ ಮೇಡಂ. ಕೈಗಾರಿಕೆ ಜಾಗನೇ ಆಗ್ಬೇಕು. ರಸ್ತೆ ಆಚೆ ಒಂದು ಶೆಡ್ ತಗೊಂಡ್ಬಿಡಿ, ಬೇಗ ಆಗುತ್ತೆ."

"ರಸ್ತೆ ಆಚೇದೂ ನಮ್ದೇ ಆಗಿತ್ತು," ಎಂದರು ಚಿಕ್ಕಬೈರಪ್ಪನವರು. ಅವರ ದನಿ ತಗ್ಗಿತ್ತು. "ಇಂಡಸ್ಟ್ರಿಗೆ ಅಂತ ಒಲ ತಗೊಂಡ್ರಿ. ಈಗ ಸೊಸೆ ಇಂಡಸ್ಟ್ರಿ ಮಾಡ್ತೀನಿ ಅಂದ್ರೆ ನಮ್ತಾವ ಉಳ್ದಿರೋದು ಕೊಟ್ಟಿಗೆ."

ದಾನೇಶ್ವರಿ ಕೈಮುಗಿದು ಹೊರಟರು. ರಸ್ತೆಯಾಚೆಯ ಶೆಡ್ಡುಗಳ ಬಾಡಿಗೆ ಶ್ಯಾಮಲಾ ಅವರ ಶಕ್ತಿಗೆ ಮೀರಿತ್ತು.

ಅರ್ಜಿ ತಿರಸ್ಕೃತವಾಯಿತು. ಕಂಪನಿ ಯಂತ್ರಗಳನ್ನು ಕೊಡುವುದನ್ನು ನಿಲ್ಲಿಸಿತು. ಅರ್ಜಿಯಲ್ಲಿ ತೋರಿಸಿದ್ದ ದಾಸ್ತಾನನ್ನು ನೋಂದಾಯಿತ ಕಾರ್ಖಾನೆಗೆ ಒಪ್ಪಿಸುವಂತೆ ಸೂಚನೆ ಬಂತು. ಲಾರಿಯ ಜೊತೆಗೆ ಬಂದ ಕಾರ್ಖಾನೆಯ ಮೇಲ್ವಿಚಾರಕ ಈರೇಶ್‌ಗೆ ಶ್ಯಾಮಲಾ ಒಂದು ಸಾಲನ್ನು ತೋರಿಸಿದರು.

"ಇವೆಲ್ಲ ಚೆನ್ನಾಗಿ ಓಡ್ತವೆ. ಬೇರೆ ಇಡಿ, ಯಾರಿಗಾದ್ರೂ ಆಗ್ತವೆ."

"ನಮ್ಮಲ್ಲಿ ಆನ್ ಮಾಡಿ ನೋಡೋರು ಯಾರೂ ಇಲ್ಲಕ್ಕ. ಪುಡಿ ಮಾಡಿದ್ಮೇಲೆ ತಾಮ್ರ ಎಷ್ಟು, ಅಲ್ಯೂಮಿನಿಯಂ ಎಷ್ಟು, ಅದಕ್ಕೇ ನಮಗೆ ಸರ್ಟಿಫಿಕೇಟು ಸಿಗೋದು."

"ಓಡೋದನ್ನೂ ಪುಡಿ ಮಾಡ್ತೀರಾ?"

"ಮೆಷಿನ್ನಿಗೆ ಗೊತ್ತಾಗಲ್ವಲ್ಲ ಅಕ್ಕ."

ಅವನ ಮಾತಿನಲ್ಲಿ ಕುಹಕವಿರಲಿಲ್ಲ. ಆ ಕ್ಷಣದಲ್ಲೂ ಒಂದು ಲ್ಯಾಪ್‌ಟಾಪ್ ಚಾಲೂ ಇತ್ತು; ಚಂದಾಪುರದ ಭಾಗ್ಯಮ್ಮ ಎಂಬುವರ ಮಗಳಿಗೆಂದು ಸಿದ್ಧವಾಗುತ್ತಿದ್ದದ್ದು. ಶ್ಯಾಮಲಾ ಅದನ್ನು ತಾವೇ ಆರಿಸಿ, ಮುಚ್ಚಿ, ಲಾರಿಗೆ ಕೊಟ್ಟರು. ನಿಯಮ ದುರಸ್ತಿಗೆ ವಿರೋಧವಾಗಿಲ್ಲ. ದುರಸ್ತಿಯನ್ನು ಅದು ಮೆಚ್ಚಿಯೇ ಮಾತನಾಡುತ್ತದೆ. ದುರಸ್ತಿ ಮಾಡುವ ಹೆಂಗಸು ಯಾವ ನೆಲದ ಮೇಲೆ ಕೂರಬೇಕೆಂಬುದಷ್ಟೇ ತಕರಾರು.

ಮುಂದಿನ ತಿಂಗಳು ಅಮರೇಶ್ ಬಂದು ಕೊಟ್ಟಿಗೆಯನ್ನು ಗೋದಾಮಿಗೆ ಬಾಡಿಗೆಗೆ ಕೇಳಿದ.

"ನಿನ್ನನ್ನ ಯಾರೂ ಕೇಳಲ್ವ?" ಎಂದರು ಶ್ಯಾಮಲಾ.

"ನಾನು ಅರ್ಜಿ ಹಾಕಿಲ್ವಲ್ಲ ಅಕ್ಕ. ಹಾಕ್ದಿರೋರಿಗೆ ಯಾರು ಆಗಲ್ಲ ಅಂತಾರೆ?"

ಚಿಕ್ಕಬೈರಪ್ಪನವರು ಸೊಸೆಯ ಮುಖ ನೋಡಿದರು. ಪರಿಶೀಲನೆಯ ದಿನದಿಂದ ಅವರು ಜಾಗದ ವಿಷಯದಲ್ಲಿ ಮೊದಲು ಬಾಯಿ ತೆರೆಯುವುದನ್ನು ಬಿಟ್ಟಿದ್ದರು. "ನೀನೇ ಯೋಳವ್ವ," ಎಂದರು.

ಮನೆ ನಡೆಯಬೇಕಿತ್ತು. ಇಲ್ಲಿ ಏನನ್ನೂ ಸುಡಬಾರದು ಎಂಬ ಒಂದೇ ಷರತ್ತಿನ ಮೇಲೆ ಶ್ಯಾಮಲಾ ಒಪ್ಪಿದರು. ಅಮರೇಶ್ ಇದುವರೆಗೆ ಮಾತು ತಪ್ಪಿಲ್ಲ. ಕೇಬಲ್‌ಗಳನ್ನು ಕೊಟ್ಟಿಗೆಯಲ್ಲಿ ಪೇರಿಸುತ್ತಾನೆ, ಕೆರೆಯ ಆಚೆಗೆ ಒಯ್ದು ಸುಡುತ್ತಾನೆ. ಗಾಳಿ ಈ ಕಡೆಗೆ ಬೀಸಿದ ದಿನ ಶ್ಯಾಮಲಾ ಒಣಗಲು ಹಾಕಿದ ಬಟ್ಟೆಗಳನ್ನು ಒಳಗೆ ತಂದು, ಕಿಟಕಿ ಮುಚ್ಚಿ, ನಡುಮನೆಯಲ್ಲಿ ಹರವುತ್ತಾರೆ.